ಗ್ರಂಥ ಕಳೆದಿತ್ತು, ಆಕ್ಷೇಪ ಉಳಿದಿತ್ತು

ಒಂದು ಗ್ರಂಥವನ್ನು ಬೈದ ಮಾತು ಎಲ್ಲರ ಕಿವಿಗೂ ಬಿದ್ದಿದೆ, ಬೈಸಿಕೊಂಡ ಗ್ರಂಥ ಮಾತ್ರ ಯಾರ ಕೈಯಲ್ಲೂ ಇಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ವಿದ್ವಾಂಸರ ನಡುವೆ ಕೌಟಿಲ್ಯನ ಅರ್ಥಶಾಸ್ತ್ರದ ಸ್ಥಿತಿ ಹೀಗಿತ್ತು. ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟ ತನ್ನ ‘ಕಾದಂಬರಿ’ಯಲ್ಲಿ ಮಂತ್ರಿ ಶುಕನಾಸನ ಬಾಯಿಂದ ಯುವರಾಜ ಚಂದ್ರಾಪೀಡನಿಗೆ ಬುದ್ಧಿ ಹೇಳಿಸುತ್ತಾನೆ. ಕೌಟಿಲ್ಯನ ಶಾಸ್ತ್ರವನ್ನೇ ಪ್ರಮಾಣವೆಂದು ನಂಬಿದ ಅರಸರಿಗೆ ಅಲ್ಲಿ ಕಟುವಾದ ಮಾತು ಬೀಳುತ್ತದೆ. ಆ ಶಾಸ್ತ್ರದ ಉಪದೇಶವೇ ಕ್ರೂರ, ಅದರಲ್ಲಿ ಕರುಣೆಯ ಲವಲೇಶವಿಲ್ಲ ಎಂಬುದು ಬಾಣನ ಆಕ್ಷೇಪ. ಅದೇ ಕಾವ್ಯವನ್ನು ನಾಗವರ್ಮ ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದ. ದಂಡಿಯ ‘ದಶಕುಮಾರಚರಿತ’ದಲ್ಲಿ ಕೌಟಿಲ್ಯನೆಂದೂ ಚಾಣಕ್ಯನೆಂದೂ ಹೆಸರಾದ ವಿಷ್ಣುಗುಪ್ತ ಆರು ಸಾವಿರ ಶ್ಲೋಕದಷ್ಟು ದೊಡ್ಡ ದಂಡನೀತಿ ಬರೆದನೆಂಬ ಸುದ್ದಿ ಇದೆ. ಕಾಮಂದಕ ತನ್ನ ನೀತಿಸಾರದ ಮೊದಲಲ್ಲೇ ಆ ಆಚಾರ್ಯನಿಗೆ ಕೈಮುಗಿದಿದ್ದಾನೆ. ಹೊಗಳಿದವರು ಉಳಿದರು, ತೆಗಳಿದವರು ಉಳಿದರು. ಮೂಲ ಮಾತ್ರ ಮರೆಯಾಗಿತ್ತು.

ಕನ್ನಡ ನಾಡಿನ ಸುತ್ತಮುತ್ತ ಹತ್ತನೆಯ ಶತಮಾನದಲ್ಲಿ ಈ ಗ್ರಂಥವನ್ನು ಚೆನ್ನಾಗಿ ಓದಿದವರಿದ್ದರು ಎಂಬುದಕ್ಕೆ ಸೋಮದೇವಸೂರಿಯೇ ಸಾಕ್ಷಿ. ಪಂಪನಿಗೆ ಆಶ್ರಯ ಕೊಟ್ಟ ವೇಮುಲವಾಡದ ಚಾಲುಕ್ಯರ ನೆರಳಿನಲ್ಲೇ ಇದ್ದು, ಕ್ರಿ.ಶ. 959ರಲ್ಲಿ ‘ಯಶಸ್ತಿಲಕ’ ಮುಗಿಸಿದ ಈ ಜೈನ ಮುನಿಯ ‘ನೀತಿವಾಕ್ಯಾಮೃತ’ದ ತುಂಬ ಕೌಟಿಲ್ಯನ ಹೆಜ್ಜೆಗುರುತುಗಳಿವೆ. ಅಹಿಂಸೆಯ ವ್ರತ ಹಿಡಿದವನು ಬಾಣ ಬೈದ ಪುಸ್ತಕದಿಂದ ಇಷ್ಟೊಂದು ಪಡೆದುಕೊಂಡನಲ್ಲ, ಏಕೆ? ಇದಕ್ಕೆ ಉತ್ತರ ಹೇಳಬೇಕಾದರೆ ಗ್ರಂಥ ಸಿಗಬೇಕಿತ್ತು. ಅದು ಸಿಕ್ಕಿದ್ದು ಮೈಸೂರಿನಲ್ಲಿ.

ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ, ಮೈಸೂರಿನ ಓರಿಯಂಟಲ್ ಲೈಬ್ರರಿ ಶುರುವಾಯಿತು. ಮನೆಮನೆಯ ಅಟ್ಟಗಳಲ್ಲಿ ಹುಳ ಹಿಡಿಯುತ್ತಿದ್ದ ಓಲೆಗರಿಗಳನ್ನು ಕೂಡಿಸಿ ಕಾಪಾಡುವುದು ಅದರ ಕೆಲಸ. ಅಲ್ಲಿ ಗ್ರಂಥಪಾಲಕರಾಗಿ ಬಂದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಕಾವೇರಿ ದಂಡೆಯ, ಇಂದು ಹಾಸನ ಜಿಲ್ಲೆಗೆ ಸೇರಿದ ಆ ಊರಿನಲ್ಲಿ 1868ರಲ್ಲಿ ಹುಟ್ಟಿದವರು. ಮೈಸೂರಿನಲ್ಲಿ ಸಂಸ್ಕೃತ ಕಲಿತರು, ಮದ್ರಾಸ್ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನೂ ಪಡೆದರು. ಶಾಸ್ತ್ರದ ಓದು, ಇಂಗ್ಲಿಷ್ ಓದು ಎರಡೂ ಒಬ್ಬರಲ್ಲೇ ಕೂಡಿದ್ದರಿಂದ ಮುಂದಿನ ಕೆಲಸ ಸಾಧ್ಯವಾಯಿತು.

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ಓಲೆಗರಿ ಕಟ್ಟನ್ನು ತಂದು ಈ ಲೈಬ್ರರಿಗೆ ಒಪ್ಪಿಸಿದರು. ಜತೆಗೆ ಭಟ್ಟಸ್ವಾಮಿ ಎಂಬಾತ ಬರೆದ ವ್ಯಾಖ್ಯಾನದ ಒಂದು ತುಣುಕೂ ಇತ್ತು. ಶಾಮಶಾಸ್ತ್ರಿಗಳು ತಮ್ಮ ಮುನ್ನುಡಿಯಲ್ಲಿ ಕಟ್ಟು ತಂದವರನ್ನು ತಂಜಾವೂರು ಜಿಲ್ಲೆಯ ಪಂಡಿತರು ಎಂದಷ್ಟೇ ನೆನೆದಿದ್ದಾರೆ. ಭಾರತದ ಚಿಂತನೆಯ ಚರಿತ್ರೆಯನ್ನೇ ಬದಲಿಸಿದ ಕೊಡುಗೆ ಅದು. ಕೊಟ್ಟವರ ಹೆಸರು ಅಚ್ಚಾಗದೆ ಹೋಯಿತಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕಟ್ಟು ಗ್ರಂಥಲಿಪಿಯಲ್ಲಿತ್ತು. ಕಬ್ಬಿಣದ ಕಂಟದಿಂದ ಗರಿಯ ಮೇಲೆ ಕೊರೆದು, ಮಸಿ ಸವರಿ ಅಕ್ಷರ ಎಬ್ಬಿಸುವ ಬರವಣಿಗೆ ಅದು. ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುವ ರೂಢಿ ಇಲ್ಲ. ಒಂದು ವಾಕ್ಯ ಎಲ್ಲಿ ನಿಂತಿತು, ಇನ್ನೊಂದು ಎಲ್ಲಿ ಎದ್ದಿತು ಎಂಬುದನ್ನು ಓದುವವನೇ ಅರ್ಥ ಹಿಡಿದು ಗುರುತಿಸಬೇಕು. ಅರ್ಥಶಾಸ್ತ್ರದಲ್ಲಿ ಈ ಕಷ್ಟ ಇಮ್ಮಡಿ. ಏಕೆಂದರೆ ಅಲ್ಲಿ ಒಬ್ಬನೇ ಮಾತಾಡುವುದಿಲ್ಲ, ಹಿಂದಿನ ಆಚಾರ್ಯರೂ ಮಾತಾಡುತ್ತಾರೆ. ಒಂದು ಮಾತು ಬರುತ್ತದೆ, ಅದು ಭಾರದ್ವಾಜನದು. ಮರುಕ್ಷಣವೇ ಅದನ್ನು ಅಲ್ಲಗಳೆಯುವ ಮಾತು, ಅದು ವಿಶಾಲಾಕ್ಷನದು. ಅದರ ಮೇಲೆ ಪರಾಶರ ಪಂಥದವರು, ಪಿಶುನ, ಕೌಣಪದಂತ, ವಾತವ್ಯಾಧಿ. ಕಡೆಗೆ ‘ನೇತಿ ಕೌಟಿಲ್ಯಃ’, ಅಂದರೆ ಹಾಗಲ್ಲ ಎನ್ನುತ್ತಾನೆ ಕೌಟಿಲ್ಯ. ಯಾರ ಮಾತು ಎಲ್ಲಿ ಮುಗಿಯಿತೆಂದು ತಪ್ಪಿದರೆ, ಖಂಡಿಸಿದ ಅಭಿಪ್ರಾಯವನ್ನೇ ಗ್ರಂಥಕಾರನ ತಲೆಗೆ ಕಟ್ಟಿದಂತಾಗುತ್ತದೆ.

ಶಾಮಶಾಸ್ತ್ರಿಗಳು ಅದನ್ನು ಬಿಡಿಸಿದರು. 1905ರಲ್ಲಿ ಅವರ ಇಂಗ್ಲಿಷ್ ಅನುವಾದದ ಭಾಗಗಳು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕಾಣಿಸಿಕೊಂಡವು. ಆ ಪತ್ರಿಕೆ ಹೊರಬರುತ್ತಿದ್ದುದು ಮುಂಬಯಿಯಿಂದ. 1909ರಲ್ಲಿ ಮೈಸೂರಿನಿಂದ ಇಡೀ ಸಂಸ್ಕೃತ ಮೂಲ ಅಚ್ಚಾಯಿತು. 1915ರಲ್ಲಿ ಪೂರ್ಣ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು, ಶಾಸನತಜ್ಞ ಜೆ.ಎಫ್. ಫ್ಲೀಟರ ಮುನ್ನುಡಿಯೊಂದಿಗೆ. ಕನ್ನಡ ಶಾಸನಗಳ ಮೇಲೆ ಬಹಳ ದುಡಿದ ಅದೇ ಫ್ಲೀಟ್.

ಹದಿನೈದು ಅಧಿಕರಣ, ನೂರೈವತ್ತು ಅಧ್ಯಾಯ, ನೂರೆಂಬತ್ತು ಪ್ರಕರಣಗಳ ಈ ಗ್ರಂಥವನ್ನು ಜಗತ್ತು ರಾಜ್ಯ ಆಳುವ ಕೈಪಿಡಿಯಾಗಿ ಸ್ವಾಗತಿಸಿತು. ತೆರಿಗೆ, ಗಣಿ, ಕೋಟೆ, ಗೂಢಚಾರರ ವಿವರಗಳತ್ತಲೇ ಎಲ್ಲರ ಕಣ್ಣು. ನನ್ನ ಮಟ್ಟಿಗೆ ಮೈಸೂರಿನಲ್ಲಿ ಸಿಕ್ಕ ದೊಡ್ಡ ವಸ್ತು ಅದಲ್ಲ. ಸರಿ ಯಾವುದು, ತಪ್ಪು ಯಾವುದು ಎಂಬ ವಾದಗಳನ್ನು ಆಕ್ಷೇಪದ ಎದುರು ನಿಲ್ಲಿಸಿ ತೂಗುವ ಪದ್ಧತಿ ಅಲ್ಲಿ ಸಿಕ್ಕಿತು. ಮೊದಲ ಅಧಿಕರಣದಲ್ಲೇ ಕೌಟಿಲ್ಯ ಆನ್ವೀಕ್ಷಿಕಿಗೆ, ಅಂದರೆ ತರ್ಕದಿಂದ ಪರೀಕ್ಷಿಸುವ ವಿದ್ಯೆಗೆ, ವೇದದ ಜತೆ ಪ್ರತ್ಯೇಕ ಸ್ಥಾನ ಕೊಡುತ್ತಾನೆ. ಸಾಂಖ್ಯ, ಯೋಗದ ಪಕ್ಕದಲ್ಲಿ ಲೋಕಾಯತವನ್ನೂ ಅದರಲ್ಲಿ ಸೇರಿಸುತ್ತಾನೆ. ಧರ್ಮ ಅಧರ್ಮ, ಲಾಭ ನಷ್ಟ, ನೀತಿ ಅನೀತಿ ಇವುಗಳ ಬಲಾಬಲವನ್ನು ಕಾರಣ ಕೊಟ್ಟು ಪರೀಕ್ಷಿಸುವುದು ಆ ವಿದ್ಯೆಯ ಕೆಲಸ ಎನ್ನುತ್ತಾನೆ. ಕೊನೆಯ ಅಧಿಕರಣದಲ್ಲಿ ಮೂವತ್ತೆರಡು ತಂತ್ರಯುಕ್ತಿಗಳನ್ನು, ಅಂದರೆ ಶಾಸ್ತ್ರ ಹೆಣೆಯುವ ಯುಕ್ತಿಗಳನ್ನು, ಪಟ್ಟಿ ಮಾಡುವಾಗ ಪೂರ್ವಪಕ್ಷ (ಎದುರಾಳಿಯ ವಾದ), ಉತ್ತರಪಕ್ಷ (ಅದಕ್ಕೆ ಕೊಡುವ ಉತ್ತರ) ಎರಡಕ್ಕೂ ಲಕ್ಷಣ ಹೇಳಿ, ಉದಾಹರಣೆಯನ್ನು ತನ್ನ ಗ್ರಂಥದಿಂದಲೇ ತೆಗೆದು ತೋರಿಸುತ್ತಾನೆ.

ಅಮಾತ್ಯರನ್ನು ಆರಿಸುವ ಅಧ್ಯಾಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಾನಿರುವ, ಮುಂಬಯಿ ಬಳಿಯ ರಬಾಳೆಯಲ್ಲಿ, ಠಾಣೆ-ಬೇಲಾಪುರ ರಸ್ತೆಯ ಎಂಐಡಿಸಿ ಕೈಗಾರಿಕಾ ಪಟ್ಟಿಯಲ್ಲಿ, ಆ ಪ್ರಶ್ನೆ ದಿನವೂ ಏಳುತ್ತದೆ: ಕೆಲಸಕ್ಕೆ ಯಾರನ್ನು ಇಟ್ಟುಕೊಳ್ಳಬೇಕು? ಜತೆಯಲ್ಲಿ ಓದಿದವರನ್ನು ಎನ್ನುತ್ತಾನೆ ಭಾರದ್ವಾಜ. ಅವರ ಶುದ್ಧಿಯೂ ಸಾಮರ್ಥ್ಯವೂ ಮೊದಲೇ ಗೊತ್ತಿರುತ್ತದೆ. ವಿಶಾಲಾಕ್ಷ ಒಪ್ಪುವುದಿಲ್ಲ, ಒಟ್ಟಿಗೆ ಆಡಿ ಬೆಳೆದವರು ಒಡೆಯನನ್ನು ಲೆಕ್ಕಕ್ಕೆ ಇಡುವುದಿಲ್ಲ, ಅದರ ಬದಲು ನಿನ್ನಂತೆಯೇ ಗುಟ್ಟುಗಳುಳ್ಳವರನ್ನು ಇಟ್ಟುಕೋ, ತಮ್ಮ ಗುಟ್ಟು ನಿನಗೆ ಗೊತ್ತೆಂಬ ಭಯದಿಂದ ತಪ್ಪು ಮಾಡಲಾರರು. ಈ ದೋಷ ಎರಡೂ ಕಡೆಗೆ ಸಮಾನ ಎಂಬುದು ಪರಾಶರ ಪಂಥದವರ ಉತ್ತರ. ಅವರಿಗೂ ನಿನ್ನ ಗುಟ್ಟು ಗೊತ್ತಲ್ಲ, ನೀನೇ ಅವರಿಗೆ ಹೆದರಿ ನಡೆಯುತ್ತೀಯೆ, ಆಪತ್ತಿನಲ್ಲಿ ಪ್ರಾಣ ಕಾಪಾಡಿದವರನ್ನು ಆರಿಸು. ಅದು ಭಕ್ತಿಯಾಯಿತೇ ಹೊರತು ಬುದ್ಧಿಯಲ್ಲ ಎಂದು ಪಿಶುನ ತಿದ್ದುತ್ತಾನೆ; ವಹಿಸಿದ ಕೆಲಸದಲ್ಲಿ ಅಂದಾಜಿಗಿಂತ ಹೆಚ್ಚು ಆದಾಯ ತಂದವರೇ ಸರಿ. ಅಂಥವರಲ್ಲಿ ಬೇರೆ ಗುಣಗಳಿರುವುದಿಲ್ಲ ಎನ್ನುವ ಕೌಣಪದಂತನಿಗೆ ತಲೆತಲಾಂತರದಿಂದ ಬಂದವರೇ ಬೇಕು. ಹಸುಗಳು ಕೂಡ ಪರರ ಮಂದೆ ದಾಟಿ ತಮ್ಮ ಮಂದೆಗೇ ಸೇರುತ್ತವೆ. ಅವರು ಎಲ್ಲವನ್ನೂ ಕೈಗೆ ತೆಗೆದುಕೊಂಡು ತಾವೇ ಒಡೆಯರಾಗುತ್ತಾರೆ, ಹೊಸಬರೇ ಮೇಲು ಎಂದು ವಾತವ್ಯಾಧಿ. ಬರೀ ಶಾಸ್ತ್ರ ಓದಿದ ಹೊಸಬ ಕೆಲಸದಲ್ಲಿ ಮುಗ್ಗರಿಸುತ್ತಾನೆ ಎಂದು ಬಾಹುದಂತೀಪುತ್ರ.

ಮುಂಬಯಿಯ ಉಡುಪಿ ಹೋಟೆಲುಗಳನ್ನು ಬೆಳೆಸಿದ್ದು ಕೌಣಪದಂತನ ಪಕ್ಷವೇ: ಊರಿನ ಹುಡುಗ, ಗುರುತಿನ ಮನೆಯವನು, ಬಿಟ್ಟು ಹೋಗುವುದಿಲ್ಲ. ಅದರ ಮೇಲಿನ ಆಕ್ಷೇಪವೂ ನಮಗೆ ಗೊತ್ತು. ಈ ಏಳು ವಾದಗಳಲ್ಲಿ ಒಂದೊಂದೂ ಬದುಕಿನಲ್ಲಿ ಬೇರೂರಿದ ವಾದ, ಯಾವುದೂ ಕೆಡವಲೆಂದೇ ಕಟ್ಟಿದ ಹುಲ್ಲಿನ ಬೊಂಬೆಯಲ್ಲ. ಅದಕ್ಕೇ ಕೌಟಿಲ್ಯನ ತೀರ್ಪು ಇಲ್ಲಿ ಬೆರಗು ಹುಟ್ಟಿಸುತ್ತದೆ. ಈ ಸಲ ಅವನು ‘ನೇತಿ’ ಎನ್ನುವುದಿಲ್ಲ, ಎಲ್ಲವೂ ಯುಕ್ತವೇ ಎನ್ನುತ್ತಾನೆ. ಮನುಷ್ಯನ ಸಾಮರ್ಥ್ಯ ತಿಳಿಯುವುದು ಕೆಲಸದ ಸಾಮರ್ಥ್ಯದಿಂದ. ಆದ್ದರಿಂದ ದೇಶ, ಕಾಲ, ಕೆಲಸ ನೋಡಿ ಇವರೆಲ್ಲರನ್ನೂ ಅಧಿಕಾರಿಗಳಾಗಿ ನೇಮಿಸಬಹುದು, ಆದರೆ ಇವರನ್ನು ಮಂತ್ರಾಲೋಚನೆಗೆ ಕೂರಿಸಬೇಡ. ಆಕ್ಷೇಪ ಬಂತೆಂದು ವಾದವೇ ಬಿದ್ದುಹೋಗಬೇಕಿಲ್ಲ. ಅದು ಎಷ್ಟು ದೂರ ಸಲ್ಲುತ್ತದೆ ಎಂಬ ಗಡಿಯನ್ನು ಆಕ್ಷೇಪ ಗುರುತಿಸಿಕೊಡುತ್ತದೆ.

ಇದಕ್ಕಿಂತ ಕಠಿಣವಾದ ಅಧ್ಯಾಯ ರಾಜಪುತ್ರರದು. ಅರಸನ ಮಗ ನಾಳೆ ತಂದೆಯನ್ನೇ ಕೊಲ್ಲಬಹುದು, ಏನು ಮಾಡಬೇಕು? ಏಡಿಯ ಮರಿಗಳು ಹೆತ್ತದ್ದನ್ನೇ ತಿನ್ನುವಂತೆ ಈ ಮಕ್ಕಳು ಎಂದು ಭಾರದ್ವಾಜ ಹೇಳಿ, ತಂದೆಗೆ ಮಮತೆ ಹುಟ್ಟುವ ಮೊದಲೇ ಗುಟ್ಟಾಗಿ ಮುಗಿಸಿಬಿಡಬೇಕು ಎನ್ನುತ್ತಾನೆ. ಮುಂದಾಗುವ ದೊಡ್ಡ ಕೇಡನ್ನು ತಡೆಯಲು ಇಂದಿನ ಒಂದು ಜೀವ. ಫಲವನ್ನಷ್ಟೇ ಲೆಕ್ಕ ಹಾಕುವ ನೀತಿ ಎಲ್ಲ ಕಾಲದಲ್ಲೂ ಆಡುವ ಮಾತು ಇದು. ವಿಶಾಲಾಕ್ಷ ತಟ್ಟನೆ ಎದ್ದು ನಿಲ್ಲುತ್ತಾನೆ: ಇದು ಕ್ರೌರ್ಯ, ತಪ್ಪೇ ಕಾಣದವನ ಕೊಲೆ.

ಇಲ್ಲಿ ಓದು ನಿಲ್ಲಿಸಿ ಬಾಣನನ್ನು ನೆನೆಯಬೇಕು. ಅವನು ಗ್ರಂಥದ ಹೊರಗೆ ನಿಂತು ಹೊರಿಸಿದ ಕ್ರೌರ್ಯದ ಆರೋಪ ಗ್ರಂಥದ ಒಳಗೇ ದಾಖಲಾಗಿದೆ. ಆರೋಪಿ ಅಲ್ಲಿ ಭಾರದ್ವಾಜ. ಚರ್ಚೆ ಮುಂದುವರಿದು ಮಗನನ್ನು ಒಂದೆಡೆ ಕೂಡಿಹಾಕು, ಗಡಿಯ ಕೋಟೆಯಲ್ಲಿಡು, ನೆರೆಯ ಸಾಮಂತನಲ್ಲಿಡು, ಸೋದರಮಾವನ ಮನೆಯಲ್ಲಿಡು ಎಂದೆಲ್ಲ ಸುತ್ತಿ, ವಾತವ್ಯಾಧಿಯ ಸಲಹೆಗೆ ಬಂದು ನಿಲ್ಲುತ್ತದೆ: ಭೋಗದಲ್ಲಿ ಮುಳುಗಿಸಿಬಿಡು, ಸುಖದಲ್ಲಿ ಬಿದ್ದ ಮಗ ತಂದೆಗೆ ದ್ರೋಹ ಬಗೆಯುವುದಿಲ್ಲ. ಅದು ಜೀವಂತ ಸಾವು ಎಂದು ಕೌಟಿಲ್ಯ ಸಿಡಿಯುತ್ತಾನೆ. ಶಿಕ್ಷಣವಿಲ್ಲದ ರಾಜಪುತ್ರರ ಮನೆತನ ಗೆದ್ದಲು ತಿಂದ ಮರದಂತೆ ಮುಟ್ಟಿದೊಡನೆ ಮುರಿಯುತ್ತದೆ. ಅವನಿಗೆ ಬಾಲ್ಯದಿಂದ ವಿದ್ಯೆ ಕೊಡು.

ಅಷ್ಟಕ್ಕೇ ಬಿಡುವುದಿಲ್ಲ. ಹುಡುಗನಿಗೆ ಬೇಟೆ, ಜೂಜು, ಹೆಂಡ, ಹೆಣ್ಣಿನ ಆಸೆ ತೋರಿಸಿ, ತಂದೆಯ ಮೇಲೆ ಬೀಳು ಎಂದು ಒಬ್ಬನಿಂದ ಹೇಳಿಸಿ ಇನ್ನೊಬ್ಬನಿಂದ ತಡೆಸಿ ಪರೀಕ್ಷೆ ಮಾಡಬೇಕೆಂಬ ಇನ್ನೊಂದು ಪಂಥದ ಸಲಹೆ ಬರುತ್ತದೆ. ಅರಿಯದವನಿಗೆ ಕೇಡನ್ನು ಅರುಹುವುದು ಮಹಾದೋಷ ಎನ್ನುತ್ತಾನೆ ಕೌಟಿಲ್ಯ. ಎಳೆಯ ಮನಸ್ಸು ಏನು ಬಳಿದರೂ ಹೀರಿಕೊಳ್ಳುತ್ತದೆ. ಅಮಾತ್ಯರಿಗೆ ಆಮಿಷವೊಡ್ಡಿ ಶುದ್ಧಿ ಪರೀಕ್ಷಿಸುವ ಉಪಧಾ ವಿಧಾನದಲ್ಲೂ ಇದೇ ನಿಲುವು. ಪರೀಕ್ಷೆ ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ಅರಸನನ್ನಾಗಲಿ ರಾಣಿಯನ್ನಾಗಲಿ ಗುರಿಯಾಗಿಸಬಾರದು, ಕೆಡದವನನ್ನು ಕೆಡಿಸಬಾರದು, ಒಮ್ಮೆ ಕೆಟ್ಟ ಮನಸ್ಸಿಗೆ ಮದ್ದು ಸಿಗದೆ ಹೋಗಬಹುದು ಎನ್ನುತ್ತಾನೆ. ಇಂದು ಲಂಚದ ಬಲೆ ಬೀಸುವವರೂ, ಗುಟ್ಟಿನ ಕ್ಯಾಮೆರಾ ಇಟ್ಟು ಪ್ರಾಮಾಣಿಕರನ್ನು ಪ್ರಲೋಭನೆಗೆ ಒಡ್ಡುವವರೂ ಈ ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ.

ಐದನೆಯ ಅಧಿಕರಣದ ಕೊನೆಯಲ್ಲಿ ಇನ್ನೊಂದು ಪ್ರಸಂಗ. ಅರಸ ಸಾಯುವ ಸ್ಥಿತಿಯಲ್ಲಿದ್ದಾನೆ. ಅಮಾತ್ಯನೇ ರಾಜ್ಯ ಹಿಡಿಯಲಿ ಎನ್ನುತ್ತಾನೆ ಭಾರದ್ವಾಜ. ತಾನಾಗಿ ಬಂದದ್ದನ್ನು ಒದೆಯಬಾರದು, ಕಾಯುವವನಿಗೆ ಕಾಲ ಒಂದೇ ಸಲ ಬರುತ್ತದೆ. ಕೌಟಿಲ್ಯನ ಮರುಮಾತಿನಲ್ಲಿ ಮೂರು ಕಾರಣಗಳಿವೆ: ಇದರಿಂದ ಪ್ರಜೆಗಳು ಕೆರಳುತ್ತಾರೆ, ಇದು ಅಧರ್ಮ, ಇದರ ಫಲವೂ ನಿಶ್ಚಿತವಲ್ಲ. ಅಧರ್ಮ ಎಂಬ ಕಾರಣವನ್ನು ಫಲದ ಲೆಕ್ಕದಲ್ಲಿ ಕರಗಿಸದೆ, ಫಲದ ಲೆಕ್ಕವನ್ನು ಕೀಳೆಂದು ಬದಿಗೊತ್ತದೆ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಒಂದೇ ಸೂತ್ರ ಹಿಡಿದ ಪಶ್ಚಿಮದ ತತ್ತ್ವಜ್ಞರ ಪಾಡು ಬೇರೆ. ಕರ್ತವ್ಯವೇ ಮೊದಲು ಎನ್ನುವ ಕಾಂಟ್, ಕೊಲೆಗಾರನ ಮುಂದೆಯೂ ಸುಳ್ಳು ಹೇಳಬಾರದೆಂದು 1797ರಲ್ಲಿ ವಾದಿಸಿ, ಅಂದಿನಿಂದ ಆಕ್ಷೇಪಗಳ ಮಳೆಯಲ್ಲಿ ನೆನೆಯುತ್ತಿದ್ದಾನೆ. ಹೆಚ್ಚು ಜನರ ಸುಖವೇ ಅಳತೆ ಎನ್ನುವವರಿಗೆ, ನಿರಪರಾಧಿಯ ಬಲಿಯಿಂದ ಹೆಚ್ಚು ಜನ ಸುಖಪಟ್ಟರೆ ಏನು ಹೇಳುತ್ತೀರಿ ಎಂಬ ವಿಶಾಲಾಕ್ಷನ ಪ್ರಶ್ನೆ ಇನ್ನೂ ಬಿಟ್ಟಿಲ್ಲ. ಕೌಟಿಲ್ಯ ಒಂದೇ ಸೂತ್ರ ಹಿಡಿದು ಹೊರಟವನಲ್ಲವಾದ್ದರಿಂದ ಎರಡು ಬಗೆಯ ಆಕ್ಷೇಪಕ್ಕೂ ಅವನಲ್ಲಿ ಎಡೆಯಿದೆ.

ಹಾಗಾದರೆ ಬಾಣ ಸುಳ್ಳು ಹೇಳಿದನೇ? ಇಲ್ಲ. ಐದನೆಯ ಅಧಿಕರಣವನ್ನೇ ತುಸು ಹಿಂದಕ್ಕೆ ತಿರುಗಿಸಿದರೆ ಬರಿದಾದ ಬೊಕ್ಕಸ ತುಂಬುವ ಅಧ್ಯಾಯ ಸಿಗುತ್ತದೆ. ರಾತ್ರೋರಾತ್ರಿ ದೇವರು ಉದ್ಭವಿಸಿತೆಂದು ಸಾರಿ ಜಾತ್ರೆ ನಡೆಸಿ ಹಣ ಎತ್ತುವುದು, ಮರದಲ್ಲಿ ಪಿಶಾಚಿ ಕಾಣಿಸಿ ಹೆದರಿಸುವುದು, ಬಾವಿಯಲ್ಲಿ ಹಲವು ಹೆಡೆಯ ಹಾವು ತೋರಿಸಿ ಕಾಣಿಕೆ ಪಡೆಯುವುದು ಎಲ್ಲವೂ ಅಲ್ಲಿವೆ. ದ್ರೋಹಿಗಳು ಮತ್ತು ಅಧರ್ಮಿಗಳ ಮೇಲೆ ಮಾತ್ರ, ಬೇರೆಯವರ ಮೇಲಲ್ಲ ಎಂಬ ಎಚ್ಚರಿಕೆಯೂ ಕೊನೆಗೆ ಇದೆ. ಆದರೆ ಜಾತ್ರೆಗೆ ಬಂದ ಭಕ್ತನಲ್ಲಿ ಅಧರ್ಮಿ ಯಾರು, ಬಡವ ಯಾರು ಎಂದು ಹುಂಡಿ ಹೇಗೆ ತಿಳಿದೀತು? ಈ ಅಧ್ಯಾಯಕ್ಕೂ ಹಿಂದಿನ, ದ್ರೋಹಿಗಳನ್ನು ಗುಟ್ಟಾಗಿ ಮುಗಿಸುವ ಅಧ್ಯಾಯವೂ ಹಾಗೆಯೇ. ಈ ಎರಡು ಕಡೆ ಭಾರದ್ವಾಜನಿಲ್ಲ, ವಿಶಾಲಾಕ್ಷನಿಲ್ಲ, ಇದು ಕ್ರೌರ್ಯ ಎಂದು ಏಳುವ ಒಂದು ದನಿಯೂ ಇಲ್ಲ. ನನ್ನ ತೀರ್ಮಾನ ಇಷ್ಟು: ಪೂರ್ವಪಕ್ಷ ಇರುವಲ್ಲಿ ಕೌಟಿಲ್ಯ ಬಾಣನ ಆಕ್ಷೇಪವನ್ನು ಗೆಲ್ಲುತ್ತಾನೆ, ಪೂರ್ವಪಕ್ಷ ಇಲ್ಲದ ಕಡೆ ಸೋಲುತ್ತಾನೆ.

ಗ್ರಂಥ ಸಿಕ್ಕಮೇಲೆ ಅದರ ಮೇಲೂ ಆಕ್ಷೇಪಗಳು ಎದ್ದವು. ಗ್ರಂಥಕಾರ ತನ್ನನ್ನೇ ‘ಕೌಟಿಲ್ಯ ಹೀಗೆನ್ನುತ್ತಾನೆ’ ಎಂದು ಕರೆದುಕೊಳ್ಳುತ್ತಾನೆಯೇ, ಇದು ಶಿಷ್ಯಪರಂಪರೆಯ ಬರವಣಿಗೆ ಇರಬೇಕು ಎಂದು ಜರ್ಮನಿಯ ಹಿಲ್ಲೆಬ್ರಾಂಟ್ 1908ರಲ್ಲಿ ಕೇಳಿದರು. ಹೆರ್ಮಾನ್ ಯಾಕೋಬಿ ಅದನ್ನು ಒಪ್ಪದೆ ಗ್ರಂಥ ಮೌರ್ಯ ಚಂದ್ರಗುಪ್ತನ ಮಂತ್ರಿಯದೇ ಎಂದು ವಾದಿಸಿದರು. ಯೋಲಿ, ವಿಂಟರ್ನಿಟ್ಸ್, ಕೀತ್ ಮೊದಲಾದವರು ಬಹಳ ಈಚಿನದೆಂದರು. ಜೈಮಿನಿ, ಬಾದರಾಯಣರ ಸೂತ್ರಗಳಲ್ಲೂ ಅವರವರ ಹೆಸರು ಹೀಗೆಯೇ ಬರುವುದರಿಂದ ಹಿಲ್ಲೆಬ್ರಾಂಟರ ಆಕ್ಷೇಪ ನನಗೆ ಬಲವಾದದ್ದಾಗಿ ತೋರುವುದಿಲ್ಲ. ಅದಕ್ಕಿಂತ ಗಟ್ಟಿಯಾದದ್ದು 1971ರಲ್ಲಿ ಥಾಮಸ್ ಟ್ರೌಟ್‌ಮನ್ ಮಾಡಿದ ಕೆಲಸ. ‘ಚ’, ‘ವಾ’, ‘ಏವ’ದಂಥ ಪುಟ್ಟ ಪದಗಳು ಯಾವ ಅಧಿಕರಣದಲ್ಲಿ ಎಷ್ಟು ಸಲ ಬರುತ್ತವೆ ಎಂದು ಎಣಿಸಿ, ಇದು ಒಬ್ಬನ ಬರವಣಿಗೆಯಲ್ಲ ಎಂದು ಅವರು ತೋರಿಸಿದರು. ಎದುರಾಳಿಗಳು ಸಾಲಾಗಿ, ಬಹುತೇಕ ಒಂದೇ ಕ್ರಮದಲ್ಲಿ ಎದ್ದು ಬರುವುದನ್ನು ಕಂಡರೆ ಆ ಸಂವಾದ ವಾದಕ್ಕೆಂದೇ ಹೆಣೆದದ್ದೆಂಬ ಅನುಮಾನ ಬರುತ್ತದೆ. ಆದರೂ ವಿಶಾಲಾಕ್ಷ, ಭಾರದ್ವಾಜರ ಹೆಸರು ಮಹಾಭಾರತದ ಶಾಂತಿಪರ್ವದಲ್ಲಿ ರಾಜಶಾಸ್ತ್ರಕಾರರ ಸಾಲಿನಲ್ಲಿರುವುದರಿಂದ ಎಲ್ಲವೂ ಕಲ್ಪನೆಯೆನ್ನಲಾಗದು.

ಮೈಸೂರಿನ ಮುದ್ರಣವಾಗಿ ಹತ್ತು ವರ್ಷಕ್ಕೆ, 1919ರಲ್ಲಿ, ಜರ್ಮನ್ ಚಿಂತಕ ಮಾಕ್ಸ್ ವೆಬರ್ ರಾಜಕಾರಣವೆಂಬ ವೃತ್ತಿಯನ್ನು ಕುರಿತ ಪ್ರಸಿದ್ಧ ಉಪನ್ಯಾಸದಲ್ಲಿ ಈ ಗ್ರಂಥವನ್ನು ಹೆಸರಿಸಿ, ಇದರ ಮುಂದೆ ಮಾಕಿಯಾವೆಲ್ಲಿಯ ‘ರಾಜಕುಮಾರ’ ನಿರುಪದ್ರವಿ ಎಂದ. ಬಾಣನ ಮಾತು ಜರ್ಮನಿಯಲ್ಲಿ ಮರುಹುಟ್ಟು ಪಡೆಯಿತು. ಅದೇ ಉಪನ್ಯಾಸದಲ್ಲಿ ಅವನು ನಂಬಿಕೆಯ ನೀತಿ ಒಂದು, ಹೊಣೆಗಾರಿಕೆಯ ನೀತಿ ಇನ್ನೊಂದು ಎಂದು ವಿಂಗಡಿಸಿ ಎರಡನ್ನೂ ತೂಗಿದ್ದಾನೆ. ಆ ತೂಕದ ಕೆಲಸಕ್ಕೆ ವಿಶಾಲಾಕ್ಷ, ಕೌಟಿಲ್ಯರ ಚರ್ಚೆ ಎಷ್ಟು ಒದಗಿಬರುತ್ತಿತ್ತು! ಒಂದು ವಾಕ್ಯದ ಹೋಲಿಕೆಗೆ ಅದನ್ನು ಮುಗಿಸಿಬಿಟ್ಟನಲ್ಲ ಎಂದು ನನಗೆ ಬೇಸರ.

ಶಾಮಶಾಸ್ತ್ರಿಗಳು ಮುಂದೆ ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆಯ ನಿರ್ದೇಶಕರಾದರು, 1944ರಲ್ಲಿ ತೀರಿಕೊಂಡರು. ಬೇರೆ ಕಡೆ ಸಿಕ್ಕ ಹಸ್ತಪ್ರತಿಗಳನ್ನೂ ಹಳೆಯ ವ್ಯಾಖ್ಯಾನಗಳನ್ನೂ ಹೋಲಿಸಿ ಆರ್.ಪಿ. ಕಾಂಗ್ಲೆ ಅವರು ಪರಿಷ್ಕರಿಸಿದ ಮೂಲಪಾಠವನ್ನು ಮುಂಬಯಿ ವಿಶ್ವವಿದ್ಯಾಲಯ 1960ರಲ್ಲಿ ಪ್ರಕಟಿಸಿತು. 1963ರಲ್ಲಿ ಅನುವಾದ, 1965ರಲ್ಲಿ ಅಧ್ಯಯನ ಸಂಪುಟ ಬಂದವು. ರಬಾಳೆಯಿಂದ ಫೋರ್ಟಿಗೆ ಲೋಕಲ್ ಹಿಡಿಯುವ ನಮ್ಮಂಥ ಕನ್ನಡಿಗರಿಗೆ ಇದರಲ್ಲಿ ಇಮ್ಮಡಿ ಹಕ್ಕಿದೆ ಎಂದು ನಾನು ತಿಳಿದಿದ್ದೇನೆ: ನಮ್ಮ ಮೈಸೂರು ಕಂಡುಹಿಡಿದದ್ದನ್ನು ನಾವು ಬಂದು ನೆಲೆಸಿದ ಊರು ತಿದ್ದಿ ನಿಲ್ಲಿಸಿತು.

ಮೊಬೈಲಿಗೆ ಬೆಳಗಾದರೆ ಚಾಣಕ್ಯನ ಹೆಸರಿನ ಒಂದು ನುಡಿ ಬರುತ್ತದೆ. ಅದನ್ನು ಮುಂದಕ್ಕೆ ಕಳಿಸುವ ಮೊದಲು ದಯವಿಟ್ಟು ಗ್ರಂಥ ತೆರೆದು, ಅದು ಅಲ್ಲಿ ಇದೆಯೇ, ಇದ್ದರೆ ‘ನೇತಿ’ಗೆ ಮುಂಚಿನ ಮಾತೋ ಅನಂತರದ್ದೋ ನೋಡಿ. ಮೊದಲ ಸಲ ಓದುವವರು ಒಂದನೆಯ ಅಧಿಕರಣದ ಎಂಟು ಮತ್ತು ಹದಿನೇಳನೆಯ ಅಧ್ಯಾಯಗಳಿಂದ ಶುರುಮಾಡಿ.